ಮಗಳಿಗೊಂದು ಪತ್ರ: ಅರ್ಧ ಲೋಟ ಚಹಾ

ಪ್ರೀತಿಯ ಪುಟ್ಟಿ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು, "ಅಪ್ಪಾ, ನೀನು ಹೋಗುತ್ತೀಯಲ್ಲ, ಕುಡಿತ ಬಿಡುವವರ ಆ ಸಭೆ ಬೆಂಗಳೂರಿನಲ್ಲೂ ನಡೆಯುತ್ತದೆಯೇ? ನನ್ನ ಸ್ನೇಹಿತೆಗೆ ಬೇಕಿತ್ತು" ಎಂದೆ. ವಿಚಾರಿಸಿ ಹೇಳುತ್ತೇನೆ ಎಂದು ಫೋನ್ ಇಟ್ಟವನಿಗೆ ಆಮೇಲೆ ನಿದ್ದೆ ಹತ್ತಲಿಲ್ಲ. 11 ವರ್ಷಗಳ ಹಿಂದೆ ನಾನೂ ಡಾಕ್ಟರ ಮುಂದೆ "ನಮ್ಮ ಭಾವನ ವಿಷಯ ಕೇಳೋಣವೆಂದು ಬಂದೆ" ಎಂದೇ ಮಾತು ತೆಗೆದಿದ್ದೆ. ಈ ಪತ್ರ ಸ್ನೇಹಿತೆಗಾದರೆ ಅವಳಿಗೆ ಕೊಡು. ನಿನಗಾದರೆ ನಿನ್ನಲ್ಲೇ ಇರಲಿ. ಯಾರಿಗೆ ಎಂದು ನಾನು ಕೇಳುವುದಿಲ್ಲ.

ಸಭೆಗಿಂತ ಮೊದಲು ಒಂದು ಮಾತು. ದಿನವೂ ಕುಡಿಯುವವರು ಹಟಕ್ಕೆ ಬಿದ್ದು ಒಮ್ಮೆಲೇ ನಿಲ್ಲಿಸಬಾರದು. ನಾನು ಹಾಗೆ ನಿಲ್ಲಿಸಿದ ಎರಡನೆಯ ರಾತ್ರಿ ಮಲಗುವ ಕೋಣೆಯ ಗೋಡೆಯ ತುಂಬ ಇರುವೆ ಸಾಲು ಕಂಡೆ. ಪೊರಕೆ ತಂದು ಗುಡಿಸುತ್ತಿದ್ದೆ. ಅಲ್ಲಿ ಒಂದು ಇರುವೆಯೂ ಇಲ್ಲವೆಂದು ನಿನ್ನ ಅಮ್ಮ ಅಳುತ್ತಾ ಹೇಳಿದಳು. ಕೆಲವರಿಗೆ ಫಿಟ್ಸ್ ಬರುತ್ತದೆ, ಜೀವಕ್ಕೇ ಅಪಾಯವಾಗುತ್ತದೆ. ಆದ್ದರಿಂದ ಮೊದಲು ವೈದ್ಯರು. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಅಲ್ಲಿಯವರೆಗೆ ಹೋಗಲು ಧೈರ್ಯ ಸಾಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡಿಲ್ಲ.

ಇನ್ನು ಸಭೆ. ಆಲ್ಕೊಹಾಲಿಕ್ಸ್ ಅನಾನಿಮಸ್, ನಾವೆಲ್ಲ ಎ.ಎ. ಎನ್ನುವುದು, ಮಂಗಳೂರಿನಲ್ಲಿರುವಂತೆ ಬೆಂಗಳೂರಿನಲ್ಲೂ ಇದೆ. ಅವರ ಭಾರತದ ವೆಬ್‌ಸೈಟಿನಲ್ಲಿ ಊರಿನ ಪ್ರಕಾರ ಹುಡುಕಬಹುದು. ಹೊರಡುವ ಮೊದಲು ಅಲ್ಲಿ ಕೊಟ್ಟ ಸಂಖ್ಯೆಗೆ ಕರೆ ಮಾಡಿ, ಸ್ಥಳ, ಸಮಯ ಬದಲಾಗಿಲ್ಲ ತಾನೇ ಎಂದು ಕೇಳಿಕೊ. ಯಾವ ಭಾಷೆಯ ಸಭೆ ಎಂದೂ ಕೇಳು. ಮನಸ್ಸಿನ ಹುಣ್ಣನ್ನು ಇಂಗ್ಲಿಷಿನಲ್ಲಿ ಬಿಚ್ಚಿಡುವುದು ಎಲ್ಲರಿಗೂ ಆಗುವುದಿಲ್ಲ. ಓಪನ್ ಸಭೆಗೆ ಮನೆಯವರೂ ಬರಬಹುದು. ಕ್ಲೋಸ್ಡ್ ಸಭೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಹೆಸರು ನೋಂದಣಿ ಇಲ್ಲ, ಶುಲ್ಕವಿಲ್ಲ. ಕೊನೆಯಲ್ಲಿ ಒಂದು ಚೀಲ ಸುತ್ತುತ್ತದೆ, ಇದ್ದವರು ಹಾಕುತ್ತಾರೆ, ಇಲ್ಲದವರು ಮುಂದಕ್ಕೆ ದಾಟಿಸುತ್ತಾರೆ. ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸಾಕು, ಸದಸ್ಯರಾಗಲು ಬೇರೆ ಅರ್ಹತೆ ಬೇಡ.

ನನ್ನ ಮೊದಲ ದಿನ ಹೇಳಲೇಬೇಕು. ಒಂದು ಶಾಲೆಯ ಕೋಣೆ, ಸಂಜೆ ಏಳು ಗಂಟೆ. ಗೇಟಿನ ಮುಂದೆ ಮೂರು ಸಲ ಹಾದು ಹೋದೆ. ನಾಲ್ಕನೆಯ ಸಲ ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿಗಳನ್ನು ನೋಡಿದೆ. ಹವಾಯಿ ಚಪ್ಪಲಿಯ ಪಕ್ಕದಲ್ಲೇ ಪಾಲಿಶ್ ಹಾಕಿದ ಬೂಟು. ನನ್ನದನ್ನೂ ಅಲ್ಲೇ ಬಿಟ್ಟೆ. ಒಳಗೆ ಚಹಾ ಹಂಚುತ್ತಿದ್ದ ಹಿರಿಯರೊಬ್ಬರು ಎಲ್ಲರಿಗೂ ಲೋಟ ತುಂಬಿಸಿ ಕೊಟ್ಟರು, ನನಗೆ ಮಾತ್ರ ಅರ್ಧ. ಸಿಟ್ಟು ಬಂತು. ಲೋಟ ಕೈಗೆ ತೆಗೆದುಕೊಂಡಾಗಲೇ ಕಾರಣ ಹೊಳೆಯಿತು. ನನ್ನ ಕೈ ಅಷ್ಟು ನಡುಗುತ್ತಿತ್ತು. ತುಂಬಿದ್ದರೆ ಅಂಗಿಯ ಮೇಲೆಲ್ಲ ಚೆಲ್ಲುತ್ತಿತ್ತು. ಅವರು ಏನೂ ಹೇಳಲಿಲ್ಲ, ಕುಡಿದು ಮುಗಿಸಿದ ಮೇಲೆ ಉಳಿದರ್ಧ ತಂದು ಹೊಯ್ದರು. ನಾನು ಆ ದಿನ ಒಂದು ಮಾತೂ ಆಡಲಿಲ್ಲ. ಆಡಬೇಕೆಂದು ಯಾರೂ ಹೇಳಲೂ ಇಲ್ಲ.

ಇದೆಲ್ಲ ಶುರುವಾದದ್ದೂ ಇಂಥದ್ದೇ ಒಂದು ಸಂಕಟದಲ್ಲಿ. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಪಟ್ಟಣ. ಕುಡಿತ ಬಿಟ್ಟು ಐದು ತಿಂಗಳಾಗಿದ್ದ ಬಿಲ್ ಎಂಬವನ ವ್ಯವಹಾರ ಕೈಕೊಟ್ಟಿತ್ತು. ಹೋಟೆಲಿನ ಬಾರ್ ಅವನನ್ನು ಕರೆಯುತ್ತಿತ್ತು. ಅವನು ಬಾರಿಗೆ ಹೋಗದೆ ಫೋನ್ ಎತ್ತಿಕೊಂಡು, ತನ್ನಂಥ ಇನ್ನೊಬ್ಬ ಕುಡುಕನನ್ನು ಹುಡುಕಿಕೊಡಿ ಎಂದು ಚರ್ಚಿನವರನ್ನು ಕೇಳಿದ. ಮರುದಿನ ಸಿಕ್ಕವರು ಡಾಕ್ಟರ್ ಬಾಬ್, ಶಸ್ತ್ರಚಿಕಿತ್ಸಕರು. ಹದಿನೈದು ನಿಮಿಷ ಮಾತ್ರ ಎಂದು ಬಂದವರು ಗಂಟೆಗಟ್ಟಲೆ ಕುಳಿತರು. ಆಮೇಲೂ ಆ ಡಾಕ್ಟರು ಒಮ್ಮೆ ಜಾರಿದರು. ಅವರ ಕೊನೆಯ ಕುಡಿತ ಜೂನ್ 10ರದ್ದು, ಅದನ್ನೇ ಎ.ಎ. ಹುಟ್ಟಿದ ದಿನವೆಂದು ಎಣಿಸುತ್ತಾರೆ. ಜಾರಿದವರಿಗೆ ಬಾಗಿಲು ಮುಚ್ಚುವುದಿಲ್ಲ ಪುಟ್ಟಿ. ನಾನೂ ಎರಡು ಸಲ ಜಾರಿದ್ದೇನೆ, ನಿನಗೆ ಗೊತ್ತು.

ನಮ್ಮ ಪಕ್ಕದ ಮನೆಯವರು ಬಿಟ್ಟದ್ದು ಬೇರೆ ದಾರಿಯಲ್ಲಿ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಎಂಟು ದಿನಗಳ ಮದ್ಯವರ್ಜನ ಶಿಬಿರ, ಆಮೇಲೆ ನವಜೀವನ ಸಮಿತಿಯ ಸಭೆಗಳು. ಎಲ್ಲಿಯಾದರೂ ಸರಿ, ಬಿಟ್ಟವರ ಜೊತೆ ಕೂರುವುದನ್ನು ನಿಲ್ಲಿಸಬಾರದು.

ಹೆಣ್ಣುಮಕ್ಕಳಿಗೆ ಇದು ಹೆಚ್ಚು ಕಷ್ಟ. ನಾನು ಕುಡಿದಾಗ ಊರು "ಪಾಪ, ಏನೋ ಚಿಂತೆ" ಎಂದಿತು, ಹೆಣ್ಣಿಗೆ ಆ ಕರುಣೆಯನ್ನು ತೋರುವುದಿಲ್ಲ. ಇದು ಅನ್ಯಾಯ, ನನಗೆ ಸಿಟ್ಟಿದೆ. ಕೋಣೆಯ ತುಂಬ ಗಂಡಸರೇ ಇದ್ದರೆ ಹೆದರಿ ಎಲ್ಲವನ್ನೂ ಕೈಬಿಡಬೇಡ. ಮಹಿಳೆಯರದ್ದೇ ಸಭೆಗಳಿವೆ, ಆನ್‌ಲೈನಿನಲ್ಲೂ ಇವೆ. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗು. ಮೊದಲೇ ಕುಡಿತ ಬಿಟ್ಟು ಹೊಸಬರಿಗೆ ದಾರಿ ತೋರಿಸುವ ಸ್ಪಾನ್ಸರ್ ಹೆಣ್ಣುಮಗಳೇ ಆಗಿರಲಿ. ನಿನ್ನ ಫೋನ್ ಸಂಖ್ಯೆಯನ್ನು ಕೇಳಿದವರಿಗೆಲ್ಲ ಕೊಡಬೇಕಾಗಿಲ್ಲ.

ಶುಕ್ರವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ. ಅಮ್ಮ ಚಕ್ಕುಲಿ ಮಾಡುತ್ತಿದ್ದಾಳೆ, ಅವಳಿಗೆ ಮಗಳನ್ನು ನೋಡಿ ಬರುತ್ತೇನೆ ಎಂದಷ್ಟೇ ಹೇಳಿದ್ದೇನೆ. ಶನಿವಾರ ಸಭೆಯ ಗೇಟಿನವರೆಗೆ ಜೊತೆಗೆ ಬರುತ್ತೇನೆ, ನೀನಾದರೂ ಸರಿ, ನಿನ್ನ ಸ್ನೇಹಿತೆಯಾದರೂ ಸರಿ. ನಾನು ಒಳಗೆ ಬರುವುದಿಲ್ಲ, ಅಪ್ಪನ ಎದುರು ಬಾಯಿ ಕಟ್ಟುತ್ತದೆ. ಹತ್ತಿರದಲ್ಲೇ ಎಲ್ಲಾದರೂ ಕಾಫಿ ಕುಡಿಯುತ್ತಾ ಕುಳಿತಿರುತ್ತೇನೆ, ಮುಗಿಯುವವರೆಗೂ.

ನಿನ್ನ ಅಪ್ಪ