ಮುತ್ತಾತನ ಕಸುಬು ತಿಳಿಯಬೇಕಾ? ಸಂಬಳ ಹೇಗೆ ಬರುತ್ತಿತ್ತು ನೋಡಿ

ಸಂಪಾದಕರೇ,

ಈಚೆಗೆ ವಂಶವೃಕ್ಷ ಬರೆಯುವ ಆಸೆ ಜನರಿಗೆ ಜಾಸ್ತಿಯಾಗಿದೆ. ಒಳ್ಳೆಯದೇ. ನಾನು ತಾಲ್ಲೂಕು ಕಚೇರಿ ಎದುರು ಕೂತು ಪತ್ರ ಬರೆದು ಬದುಕುವವನು. ಹಳೇ ದಾಖಲೆಯ ನಕಲು ಹಿಡಿದು ‘ಸ್ವಾಮಿ, ಇದೇನು ಬರೆದಿದೆ ಓದಿ’ ಅಂತ ಬರುವವರು ದಿನಾ ಸಿಗುತ್ತಾರೆ. ‘ಬಿನ್’ ಅಂದರೆ ಮನೆತನದ ಹೆಸರು ಅಂದುಕೊಂಡವರೂ ಇದ್ದಾರೆ. ಬಿನ್ ಅಂದರೆ ಇಂಥವರ ಮಗ, ಕೋಂ ಅಂದರೆ ಇಂಥವರ ಹೆಂಡತಿ. ಅದು ಒಂದು ನಿಮಿಷದ ಮಾತು. ತೊಡಕಿರುವುದು ಕಸುಬಿನ ಪದಗಳಲ್ಲಿ.

ಬೆಂಗಳೂರಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಬಂದಿದ್ದ. ಅವನ ಮುತ್ತಾತನ ಹೆಸರಿನ ಮುಂದೆ ‘ನೀರಗಂಟಿ ಇನಾಮ್ತಿ’ ಅಂತಿತ್ತು. ‘ಗಂಟೆ ಹೊಡೆಯೋ ಕೆಲಸನಾ ಸರ್?’ ಅಂದ. ನಗು ಬಂತು, ತಡೆದುಕೊಂಡೆ. ಜಮೀನು ಎಲ್ಲಿದೆ ಅಂತ ಕೇಳಿದೆ. ಕೆರೆ ಏರಿ ಕೆಳಗೆ, ತರಿ, ಅಂದರೆ ನೀರಾವರಿ ಗದ್ದೆ. ಉತ್ತರ ಅಲ್ಲೇ ಇತ್ತು, ಅಲ್ವಾ? ಕೆರೆಯ ತೂಬು ಎತ್ತಿ ಗದ್ದೆಗದ್ದೆಗೂ ನೀರು ಹಂಚುತ್ತಿದ್ದವನು ನೀರಗಂಟಿ. ಹಳೇ ತೂಬು ನೋಡಿದವರಿಗೆ ಗೊತ್ತು: ನೀರೊಳಗೆ ಎರಡು ಕಲ್ಲುಕಂಬ, ನಡುವೆ ಗೂಟ. ಕೆರೆ ತುಂಬಿದ್ದಾಗ ಈಜಿಕೊಂಡು ಹೋಗಿ ಅದನ್ನು ಎತ್ತಬೇಕು. ಏರಿ ಹತ್ತಿರದವನು ಎಷ್ಟೇ ಜೋರು ಮಾಡಿದರೂ ಕೊನೇ ಗದ್ದೆಯವನಿಗೂ ನೀರು ಮುಟ್ಟಿಸಬೇಕು. ಅದಕ್ಕೆ ಪ್ರತಿಯಾಗಿ ಅವನಿಗೆ ಇನಾಮು ಜಮೀನು (ಅದೇ ಇನಾಮ್ತಿ), ಸುಗ್ಗಿಯಲ್ಲಿ ಕಣದಲ್ಲಿ ಇಷ್ಟು ಭತ್ತ. ಇಷ್ಟು ಹೇಳಿದ ಮೇಲೆ ಆ ಹುಡುಗ ನಕಲನ್ನು ಮಡಚದೆ ಹಾಗೇ ಹಿಡಿದುಕೊಂಡು ಹೋದ.

ನನ್ನ ಅನುಭವದಲ್ಲಿ ನಿಘಂಟಿಗಿಂತ ಪಕ್ಕದ ಕಾಲಂ ಹೆಚ್ಚು ಹೇಳುತ್ತದೆ. ಕಸುಬಿನ ಹೆಸರು ಬಿಡಿ. ಕೂಲಿ ಕಾಳಿನಲ್ಲೋ, ಜಮೀನಿನಲ್ಲೋ, ಹಣದಲ್ಲೋ? ಕೊಡುತ್ತಿದ್ದವರು ಊರಿನವರೋ, ಸರ್ಕಾರವೋ? ಇಷ್ಟು ನೋಡಿದರೆ ಅರ್ಧ ಗಂಟು ಬಿಚ್ಚುತ್ತದೆ. ಕಾಳು, ಜಮೀನು ಅಂತಿದ್ದರೆ ಅವರು ಊರಿನ ಆಯಗಾರರು: ಗೌಡ, ಶಾನುಭೋಗ, ತಳವಾರ, ತೋಟಿ, ಕಮ್ಮಾರ, ಕುಂಬಾರ, ಅಗಸ, ಅಕ್ಕಸಾಲಿಗ ಹೀಗೆ ಹನ್ನೆರಡು ಮಂದಿ. ಅಕ್ಕಸಾಲಿಗನ ಬದಲು ಕವಿಯೇ ಮೇಷ್ಟ್ರಾಗಿ ಆ ಪಾಲು ತೆಗೆದುಕೊಂಡ ಊರುಗಳೂ ಇದ್ದವು.

ಮೈಸೂರು ಸಂಸ್ಥಾನದ ‘ಸಿಲ್ಲೇದಾರ’ ಎಂಬ ಪದಕ್ಕೂ ಇದೇ ಸೂತ್ರ. ಸುಮ್ನೆ ‘ಸಿಪಾಯಿ’ ಅಂತ ಬರೆದುಕೊಂಡು ಹೋದರೆ ವಿಷಯವೇ ಕೈತಪ್ಪುತ್ತದೆ. ಸ್ವಂತ ಕುದುರೆ, ಸ್ವಂತ ಆಯುಧ ತಂದು ಚಾಕರಿಗೆ ಸೇರಿದವನು ಸಿಲ್ಲೇದಾರ. ಬೇರೆಯವರ ಕುದುರೆ ಏರಿದವನು ಬಾರಗೀರ. ಒಂದೇ ದಂಡು, ಆದರೆ ಕುದುರೆ ಸತ್ತರೆ ಸಿಲ್ಲೇದಾರನ ಮನೆಗೇ ನಷ್ಟ. ಸ್ವಂತ ಕುದುರೆ ಕಟ್ಟುವ ಮನೆ ಅಂದರೆ ಸ್ವಲ್ಪ ಅನುಕೂಲಸ್ಥರೇ ಇರಬೇಕು. ಹಾಗೆಯೇ ಅಮೃತ ಮಹಲ್, ಅಂದರೆ ಮೈಸೂರು ಸಂಸ್ಥಾನದ ದನಗಳ ಇಲಾಖೆಯ ಕಾಗದಗಳ ‘ಸೇರ್ವೆಗಾರ’ ದನದ ಹಿಂಡಿನ ಮೇಲ್ವಿಚಾರಕ. ಅಲ್ಲಿ ‘ಕಾವಲು’ ಅಂದರೆ ಹುಲ್ಲುಗಾವಲು, ಪಹರೆ ಅಂತ ಓದಬೇಡಿ.

ಇಷ್ಟೆಲ್ಲ ಬರೆಯಲು ಕಾರಣ ಇದೆ. ಈಗ ತಾಲ್ಲೂಕು ಕಚೇರಿಗಳಲ್ಲಿ ಹಳೇ ದಾಖಲೆಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ಬಹಳ ಒಳ್ಳೆ ಕೆಲಸ. ಗೆದ್ದಲು, ಮಳೆಯಿಂದ ಉಳಿದದ್ದೇ ಹೆಚ್ಚು. ಆದರೆ ನಾನು ನೋಡಿದ ಒಂದು ಸೂಚಿಯಲ್ಲಿ ಹೆಸರು, ಸರ್ವೆ ನಂಬರ್ ಮಾತ್ರ ಇತ್ತು. ತೋಟಿ ಇನಾಮ್ತಿ, ನೀರಗಂಟಿ ಇನಾಮ್ತಿ ಎಲ್ಲ ‘ಇನಾಮು’ ಅನ್ನುವ ಒಂದೇ ಚೀಲಕ್ಕೆ ಬಿದ್ದಿವೆ. ಮನೆತನ ಹುಡುಕುವವರ ಮಾತು ಹಾಗಿರಲಿ, ವಂಶಪಾರಂಪರ್ಯ ಊರ ಹುದ್ದೆಗಳನ್ನು ತೆಗೆದುಹಾಕಿದ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಡಿ ಮರುಮಂಜೂರಾದ ಜಮೀನಿನ ತಕರಾರಿನಲ್ಲೂ ಈ ಒಂದು ಪದವೇ ಬೇಕಾಗುತ್ತದೆ. ಸೂಚಿಗೆ ಇನಾಮಿನ ಬಗೆ ಅಂತ ಒಂದು ಕಾಲಂ ಸೇರಿಸುವುದು ದೊಡ್ಡ ಖರ್ಚೇನಲ್ಲ.

ಆ ಕಾಯ್ದೆ ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಆವರೆಗೆ ಶಾನುಭೋಗಿಕೆ ಮಾಡಿದವರಲ್ಲಿ ಉಳಿದಿರುವವರು ಈಗ ತೀರಾ ವಯಸ್ಸಾದವರು. ಸ್ಕ್ಯಾನ್ ಮಾಡುವ ಹುಡುಗರು ಓದಲಾಗದ ಪುಟಗಳನ್ನು ಅಂಥ ಹಿರಿಯರ ಮನೆಗೇ ಒಯ್ದು ಓದಿಸಿಕೊಳ್ಳಲಿ. ತಾವೂ ಪತ್ರಿಕೆಯಲ್ಲಿ ತಾಲ್ಲೂಕುವಾರು ಇಂಥ ಪದಗಳಿಗೆ ಒಂದಿಷ್ಟು ಜಾಗ ಕೊಡಿ. ನಮ್ಮ ಕಡೆಯದನ್ನು ನಾನು ಬರೆದು ಕಳಿಸುತ್ತೇನೆ. ಧಾರವಾಡ, ಬೆಳಗಾವಿ ಕಡೆಯ ಕುಲಕರ್ಣಿ (ಆ ಕಡೆಯ ಶಾನುಭೋಗ) ದಫ್ತರಗಳಲ್ಲಿ ಮರಾಠಿಯ ಹಳೇ ಕೂಡುಬರಹವಾದ ಮೋಡಿ ಲಿಪಿಯೂ ಇದೆ, ಅದನ್ನು ಆ ಕಡೆಯ ಬಲ್ಲವರೇ ಬರೆಯಬೇಕು.

ಇತಿ,
ಒಬ್ಬ ಪತ್ರ ಬರಹಗಾರ, ಮಧುಗಿರಿ