ಕೈ ಊರದೆ ಏಳು ನೋಡೋಣ

ಪ್ರೀತಿಯ ಶಿವು,

ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಮಾತು ಹಾರಿಸುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಮಂಡ್ಯದ ಮದುವೆ ಮನೆಯಲ್ಲಿ ಊಟ ಮುಗಿಸಿ ನೀನು ಎದ್ದದ್ದನ್ನು ನೋಡಿದೆ. ಒಂದು ಕೈ ಟೇಬಲ್ ಮೇಲೆ, ಇನ್ನೊಂದು ಮೊಮ್ಮಗನ ಹೆಗಲ ಮೇಲೆ. ಹುಲ್ಲಿನ ಹೊರೆ ಹೊತ್ತು ಗದ್ದೆ ಬದುವಿನ ಮೇಲೆ ಓಡುತ್ತಿದ್ದವನು ಇವನೇನಾ ಅನ್ನಿಸಿತು. ಕೇಳಿದ್ದಕ್ಕೆ "ದಿನಾ ವಾಕಿಂಗ್ ಹೋಗ್ತೀನಲ್ಲೋ" ಅಂದೆ.

ನಿನ್ನ ವಾಕಿಂಗ್ ನನಗೆ ಗೊತ್ತಿಲ್ವಾ? ಮನೆಯಿಂದ ಹೋಟೆಲು, ಒಂದು ಕಾಫಿ, ಪೇಪರು, ರಾಜಕೀಯ, ವಾಪಸ್ಸು. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸಿರಬೇಕು ಕಣೋ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಾರಕ್ಕೆ ಕಡಿಮೆ ಅಂದರೂ 150 ನಿಮಿಷ ಅಂದಿದೆ, 65 ದಾಟಿದವರಿಗೂ ಅಷ್ಟೇ. ಇದು ಎಲ್ಲರಿಗೂ ಬಾಯಿಪಾಠ. ಅದರ ಜೊತೆಗೇ ಇನ್ನೊಂದು ಮಾತೂ ಇದೆ. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಭಾರ ಬೀಳುವ ವ್ಯಾಯಾಮ, ನಮ್ಮ ವಯಸ್ಸಿನವರಿಗೆ ಮೂರು ದಿನವಾದರೂ ಬ್ಯಾಲೆನ್ಸ್ ಮತ್ತು ಬಲ ಎರಡಕ್ಕೂ ಕೆಲಸ. ಅದನ್ನು ಯಾರೂ ಹೇಳುವುದೇ ಇಲ್ಲ.

ನಾನೂ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವರ್ಷಗಟ್ಟಲೆ ನಡೆದವನೇ. ಆದರೂ ಹೋದ ವರ್ಷ ಸಿಟಿ ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲು ಎತ್ತಲು ಆಗದೆ ಮುಗ್ಗರಿಸಿದೆ. ಹಿಂದಿದ್ದ ಕಾಲೇಜು ಹುಡುಗ ಹಿಡಿದುಕೊಂಡ. ಆ ಸಿಟ್ಟಿಗೆ ಮುಂದಿನ ಭಾನುವಾರವೇ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಬಿಟ್ಟೆ. ಸಾವಿರ ಮೆಟ್ಟಿಲು! ಹತ್ತಿದ್ದು ಹೇಗೋ ಆಯ್ತು, ಮಂಡಿ ಹೋಗಿದ್ದು ಇಳಿಯುವಾಗ. ಹದಿನೈದು ದಿನ ಊದಿಕೊಂಡು ಮನೆಯಲ್ಲಿ ಬಿದ್ದಿದ್ದೆ, ಮನೆಯವಳ ಬೈಗುಳ ಬೇರೆ.

ಆಮೇಲೆ ಒಬ್ಬಳು ಫಿಸಿಯೋಥೆರಪಿ ಹುಡುಗಿ ಹೇಳಿಕೊಟ್ಟಿದ್ದು ಎಷ್ಟು ಸುಲಭ ಅಂದರೆ ನಗು ಬರುತ್ತದೆ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸು. ಕೈ ಎರಡನ್ನೂ ಎದೆಗೆ ಕಟ್ಟಿಕೋ. ಎದ್ದು ನಿಲ್ಲು, ನಿಧಾನವಾಗಿ ಕೂರು. ಧೊಪ್ಪನೆ ಬೀಳಬಾರದು, ಇಳಿಯುವುದರಲ್ಲೇ ತೊಡೆಗೆ ಕೆಲಸ. ಉಸಿರು ಬಿಗಿ ಹಿಡಿಯಬಾರದು, ಬಿಪಿ ಏರುತ್ತದೆ. ಮೊದಲ ದಿನ ನನಗೆ ಆಗಿದ್ದು ನಾಲ್ಕೇ ಸಲ, ಈಗ ಹದಿನೈದು. ಇನ್ನೊಂದು, ಅಡುಗೆಮನೆ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು. ಹಾಲು ಉಕ್ಕುವ ತನಕ ಒಂದು ಕಾಲು, ಡಿಕಾಕ್ಷನ್ ಇಳಿಯುವ ತನಕ ಇನ್ನೊಂದು.

ವಯಸ್ಸಾದಂತೆ ಸ್ನಾಯು ಕರಗುತ್ತಾ ಹೋಗುತ್ತದೆ, ಅರವತ್ತರ ಮೇಲೆ ಇನ್ನೂ ಜೋರು. ಈ ವಯಸ್ಸಲ್ಲಿ ಇನ್ನೇನು ಬೆಳೆಯುತ್ತದೆ ಅಂತೀಯ ಅಲ್ವಾ? 1990ರಲ್ಲಿ ಅಮೆರಿಕದ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಜನರಿಂದ ಕಾಲಿನಲ್ಲಿ ಭಾರ ಎತ್ತಿಸಿದರಂತೆ. ಎಂಟು ವಾರ ಪೂರ್ತಿ ಮಾಡಿದವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಜಾಸ್ತಿ ಆಯಿತು. ಇಬ್ಬರು ಕೋಲನ್ನೇ ಬಿಟ್ಟರು. ನಿನಗಿನ್ನೂ 68, ಅವರ ಮುಂದೆ ನೀನು ಮಗು.

ಮಂಡಿ ಸವೆದಿದೆ, ಆಡಿಸಿದರೆ ಇನ್ನೂ ಸವೆಯುತ್ತದೆ ಅಂತ ಕೂತಿದ್ದೀಯಲ್ಲ, ಅದು ಉಲ್ಟಾ. ಮಂಡಿಯೊಳಗಿನ ಮೆತ್ತೆಗೆ ರಕ್ತನಾಳವೇ ಇಲ್ಲ, ಮಂಡಿ ಆಡಿದಾಗ ಒತ್ತಿ ಬಿಟ್ಟು ಒಳಗಿನ ದ್ರವದಿಂದಲೇ ಅದಕ್ಕೆ ಆಹಾರ. ತೊಡೆ ಗಟ್ಟಿಯಾದರೆ ಮಂಡಿ ಮೇಲಿನ ಭಾರ ಕಡಿಮೆ. ನಿನ್ನ ಶುಗರಿಗೂ ಒಳ್ಳೆಯದು, ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ರಾತ್ರಿ ಮುದ್ದೆ ಉಂಡ ತಕ್ಷಣ ಟಿವಿ ಮುಂದೆ ಒರಗಬೇಡ, ಹತ್ತು ನಿಮಿಷ ಬೀದಿಯಲ್ಲಿ ಓಡಾಡು. ಆದರೆ ನೀನು ಮಾತ್ರೆ ನುಂಗುವವನು, ಶುರು ಮಾಡುವ ಮೊದಲು ಡಾಕ್ಟರನ್ನು ಒಂದು ಮಾತು ಕೇಳು, ಸಕ್ಕರೆ ತೀರಾ ಇಳಿದರೆ ಬಾಯಿಗೆ ಹಾಕಿಕೊಳ್ಳಲು ಜೇಬಲ್ಲಿ ಬೆಲ್ಲದ ಚೂರು ಇಟ್ಟುಕೋ. ಎದೆ ಹಿಡಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸು. ಸುಮ್ನೆ ಹಟ ಬೇಡ.

ಬರುವ ತಿಂಗಳು ನಿಮ್ಮನೆಗೆ ಬರುತ್ತೇನೆ. ತಂಗಿಗೆ ಹೇಳು, ಮುದ್ದೆ ಬಸ್ಸಾರು ಮಾಡಿ ಚಾಪೆ ಹಾಸಲಿ, ನೆಲದ ಮೇಲೇ ಊಟ. ಏಳುವಾಗ ಆಗದಿದ್ದರೆ ನನ್ನ ಹೆಗಲು ಹಿಡಿದುಕೋ, ಮೊಮ್ಮಗನದ್ದು ಬೇಡ.

ನಿನ್ನ,
ಮೈಸೂರಿನ ಗೆಳೆಯ