ದೀನತೆಯ ಜೊತೆಗೆ ಭರವಸೆಯನ್ನೂ ಬೋಧಿಸಿ

ಮಾನ್ಯ ಸಂಪಾದಕರೇ,

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಬಂತೆಂದರೆ ಚರ್ಚುಗಳಲ್ಲಿ ದೀನತೆಯ ಬಗ್ಗೆ ಪ್ರಸಂಗಗಳು ಹೆಚ್ಚುತ್ತವೆ. ಆದರೆ ಮನೆಯಲ್ಲೂ ಊರಲ್ಲೂ ಮೊದಲೇ ತಲೆತಗ್ಗಿಸಿ ಬದುಕುತ್ತಿರುವವರೇ ಆ ಮಾತನ್ನು ತಮಗೆ ಹೇಳಿದ್ದೆಂದು ಹೊತ್ತುಕೊಂಡು ಹೋಗುತ್ತಾರೆ. ತಗ್ಗಬೇಕಾದವರಿಗೆ ಅದು ತಾಗುವುದೇ ಇಲ್ಲ. ದೇವರ ಮೇಲಿನ ಭರವಸೆಯ ಮಾತನ್ನು ಬಿಟ್ಟು ದೀನತೆಯನ್ನಷ್ಟೇ ಬೋಧಿಸುವುದು ಇದಕ್ಕೆ ಮುಖ್ಯ ಕಾರಣ.

6ನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟರು ಮಠವಾಸಿಗಳಿಗಾಗಿ ಬರೆದ ನಿಯಮಾವಳಿಯಲ್ಲಿ 73 ಅಧ್ಯಾಯಗಳಿವೆ. ಬೆಂಗಳೂರಿನ ಮೈಸೂರು ರಸ್ತೆ ಕಡೆಯ ಆಶೀರ್ವನದ ಮಠವೂ ಇದೇ ಪರಂಪರೆಯದು. ನಿಯಮಾವಳಿಯ 7ನೇ ಅಧ್ಯಾಯದಲ್ಲಿ ಬರುವ ದೀನತೆಯ 12 ಮೆಟ್ಟಿಲುಗಳನ್ನು ಬೋಧಕರು ಆಗಾಗ ನೆನೆಯುತ್ತಾರೆ. ಅದರಲ್ಲೂ 7ನೆಯದನ್ನು, ಅಂದರೆ ತಾನು ಎಲ್ಲರಿಗಿಂತ ಕೀಳೆಂದು ಮನಸಾರೆ ನಂಬುವುದನ್ನು, ಅದೊಂದನ್ನೇ ಕಿತ್ತು ಹೇಳಿದರೆ ಆತ್ಮನಿಂದೆಯ ಪಾಠವಾಗುತ್ತದೆ. ನಿಯಮಾವಳಿಯ ಕ್ರಮವೇ ಬೇರೆ. ಅದಕ್ಕೂ ಮುಂಚೆ 4ನೇ ಅಧ್ಯಾಯದಲ್ಲಿ ಒಳ್ಳೆಯ ಬಾಳಿಗೆ ಬೇಕಾದ 70ಕ್ಕೂ ಹೆಚ್ಚು ಸಾಧನಗಳ ಪಟ್ಟಿಯಿದೆ. ದೇವರಲ್ಲಿ ಭರವಸೆಯಿಡು, ನಿನ್ನಲ್ಲಿ ಒಳ್ಳೆಯದು ಕಂಡರೆ ಅದು ದೇವರದೆನ್ನು, ಕೆಟ್ಟದ್ದು ನಿನ್ನದೇ ಎಂದು ಒಪ್ಪಿಕೋ ಎಂಬ ಮೂರೂ ಅಲ್ಲಿ ಒಂದರ ಹಿಂದೊಂದು ಬರುತ್ತವೆ. ಪಟ್ಟಿಯ ಕೊನೆಯ ಸಾಧನವೂ ದೇವರ ಕರುಣೆಯ ಬಗ್ಗೆ ಎಂದೂ ನಿರಾಶರಾಗದಿರುವುದೇ. 12 ಮೆಟ್ಟಿಲುಗಳೂ ಭಯವಿಲ್ಲದ ಪ್ರೀತಿಗೆ ತಲುಪಿಸುತ್ತವೆಯೇ ಹೊರತು ಕುಗ್ಗಿದ ಮನಸ್ಸಿಗಲ್ಲ.

ಇದೆಲ್ಲ ದಿನನಿತ್ಯದಲ್ಲಿ ಹೇಗೆಂದು ಕೇಳುವವರು ಅಡುಗೆಮನೆಯ ಬಗೆಗಿನ 35ನೇ ಅಧ್ಯಾಯವನ್ನು ನೋಡಬೇಕು. ಅಡುಗೆ, ಬಡಿಸುವ ಕೆಲಸ ಸರದಿಯ ಮೇಲೆ ಒಬ್ಬೊಬ್ಬರಿಗೆ ಒಂದು ವಾರ. ಕಾಯಿಲೆಯವರಿಗೆ ವಿನಾಯಿತಿಯುಂಟು. ಬಲವಿಲ್ಲದವರು ನೊಂದುಕೊಂಡು ಮಾಡಬಾರದೆಂದು ಅವರಿಗೆ ಸಹಾಯಕರನ್ನು ಕೊಡಬೇಕು. ಬಡಿಸುವವರು ಗೊಣಗದಿರಲೆಂದು ಊಟಕ್ಕೆ ಒಂದು ಗಂಟೆ ಮುಂಚೆ ಅವರಿಗೆ ರೊಟ್ಟಿ, ಪಾನೀಯ ಹೆಚ್ಚಿಗೆ ಕೊಡಬೇಕು. ಎಷ್ಟು ಮನುಷ್ಯತ್ವ ನೋಡಿ! ಶನಿವಾರ ಸರದಿ ಮುಗಿಸುವವರು ಕೈಕಾಲು ಒರೆಸುವ ಬಟ್ಟೆಗಳನ್ನು ಒಗೆದು, ಪಾತ್ರೆಗಳನ್ನು ಶುಚಿಯಾಗಿ, ಒಡೆಯದಂತೆ ಉಗ್ರಾಣದವರಿಗೆ ಒಪ್ಪಿಸುತ್ತಾರೆ. ಅವರೂ ಹೊಸಬರೂ ಸೇರಿ ಎಲ್ಲರ ಪಾದ ತೊಳೆಯುತ್ತಾರೆ. ಭಾನುವಾರ ಬೆಳಗಿನ ಪ್ರಾರ್ಥನೆಯಲ್ಲಿ ಕೆಲಸ ಮುಗಿಸಿದವರು ತಮಗೆ ನೆರವಾದ ದೇವರನ್ನು ಮೂರು ಸಲ ಸ್ತುತಿಸುತ್ತಾರೆ. ಶುರು ಮಾಡುವವರು, ದೇವರೇ, ಬೇಗ ಬಂದು ಸಹಾಯ ಮಾಡು ಎಂದು ಮೂರು ಸಲ ಬೇಡುತ್ತಾರೆ. ಸೌಟು ಹಿಡಿಯುವುದಕ್ಕೂ ದೇವರ ಬಲ ಬೇಕೆಂದು ಒಪ್ಪಿಕೊಳ್ಳುವುದರಲ್ಲಿ ದೀನತೆಯೂ ಭರವಸೆಯೂ ಒಂದೇ ಆಗಿಬಿಡುತ್ತವೆ.

ಇದನ್ನು ಮನೆಗಳಲ್ಲೂ ಚರ್ಚುಗಳಲ್ಲೂ ಮಾಡಬಹುದು. ಮನೆಯಲ್ಲಾದರೆ ಪಾತ್ರೆ ತೊಳೆಯುವುದು, ನೆಲ ಒರೆಸುವುದು, ಹಿರಿಯರ ಆರೈಕೆ, ಈ ಮೂರನ್ನು ವಾರದ ಸರದಿಗೆ ಹಾಕಿ, ಗಂಡಸರಿಂದಲೇ ಶುರು ಮಾಡಿ. ಶನಿವಾರ ಕೆಲಸ ಒಪ್ಪಿಸುವಾಗ ಇಬ್ಬರೂ ನಿಂತು ಅದೇ ಬೇಡಿಕೆಯನ್ನು, ಅಂದರೆ ಬೈಬಲಿನ 70ನೇ ಕೀರ್ತನೆಯ ಮೊದಲ ವಚನವನ್ನು, ಹೇಳಿದರೆ ಸಾಕು. ಚರ್ಚಿನಲ್ಲಿ ಪಾಲನಾ ಸಮಿತಿಯವರು, ಗುರುಗಳು ಪೊರಕೆ ಹಿಡಿಯುವ ಸರದಿಗೆ ಮೊದಲು ಹೆಸರು ಕೊಡಲಿ. ಇಂಥ ಪ್ರಯತ್ನ ಕೆಡುವುದು ಸಾಮಾನ್ಯವಾಗಿ ಎರಡು ಕಡೆ: ಎರಡನೇ ವಾರ ಯಾರೋ ತಪ್ಪಿಸಿಕೊಂಡಾಗ ಕೆಲಸ ಮತ್ತೆ ಅದೇ ಹೆಂಗಸಿನ ಪಾಲಾಗುತ್ತದೆ, ಇಲ್ಲವೇ ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕುತ್ತಾರೆ. ತಪ್ಪಿಸಿಕೊಂಡವರ ಸರದಿಯನ್ನು ಮುಂದಿನ ವಾರಕ್ಕೆ ಅವರ ಹೆಸರಿನಲ್ಲೇ ಉಳಿಸಬೇಕು. ಫೋಟೊ ಬೇಡವೇ ಬೇಡ.

ಇನ್ನೊಂದು ಮಾತನ್ನು ಬೋಧಕರು ಬಾಯಿಬಿಟ್ಟು ಹೇಳಲೇಬೇಕು. ಹೊಡೆತ ತಿನ್ನುವ ಹೆಂಡತಿಗೆ, ಕೂಲಿ ಸಿಗದ ಆಳಿಗೆ ಸಹಿಸಿಕೋ ಎನ್ನುವುದು ದೀನತೆಯ ಬೋಧನೆಯಲ್ಲ. ದೇವರಲ್ಲಿ ಭರವಸೆಯಿಟ್ಟವರು ನ್ಯಾಯ ಕೇಳಬಹುದು, ಠಾಣೆಗೂ ಹೋಗಬಹುದು. ಜೊತೆಗೆ ಹೋಗಲು ಚರ್ಚಿನಿಂದ ಇಬ್ಬರಾದರೂ ಸಿದ್ಧರಿರಲಿ.

– ಒಬ್ಬ ಕ್ರೈಸ್ತ ಓದುಗ, ಬೆಂಗಳೂರು